ಆ ತಿಂಗಳು ನಾನೇ ದೀಪ ಹಚ್ಚಿದೆ

ಆ ವರ್ಷಗಳಲ್ಲಿ ನಮ್ಮ ಅಡುಗೆಮನೆಯಲ್ಲಿ ನೆನೆಹಾಕದೆ ಬಿಟ್ಟಿದ್ದು ನಮ್ಮ ಮೂವರನ್ನು ಮಾತ್ರ. ಒಂದು ಬಟ್ಟಲಲ್ಲಿ ಮೆಂತ್ಯ, ಇನ್ನೊಂದರಲ್ಲಿ ಅಂಜೂರ, ಸ್ಟೀಲ್ ಲೋಟದಲ್ಲಿ ಬಾದಾಮಿ, ಮುಚ್ಚಳ ಕಳೆದುಹೋದ ಡಬ್ಬಿಯಲ್ಲಿ ಕಪ್ಪು ಒಣದ್ರಾಕ್ಷಿ. ಬೆಳಗ್ಗೆ ಎದ್ದರೆ ಇವನ್ನೆಲ್ಲ ಒಂದು ಕ್ರಮದಲ್ಲಿ ನುಂಗಬೇಕು. ಮೆಂತ್ಯದ ನೀರು ಬರಿಹೊಟ್ಟೆಗೆ, ಅದಾಗಿ ಸ್ವಲ್ಪ ಹೊತ್ತು ಬಿಟ್ಟು ಅಂಜೂರ, ಆಮೇಲೆ ಸಿಪ್ಪೆ ಸುಲಿದ ಬಾದಾಮಿ. ಟೀ ಮಾತ್ರ ಕುಡಿಯುವಂತಿಲ್ಲ. ಡೊಂಬಿವಲಿಯಿಂದ ಠಾಣೆಗೆ ದಿನಾ ಬೆಳಗ್ಗೆ ಲೋಕಲ್‌ನಲ್ಲಿ ಒಂದೇ ಕಾಲ ಮೇಲೆ ನಿಂತು ಹೋಗುವವಳಿಗೆ ಟೀ ಬಿಡು ಎಂದು ಹೇಳುವವರಿಗೆ ಎಷ್ಟು ಧೈರ್ಯ ಇರಬೇಕು ಹೇಳಿ! ಆದರೂ ಬಿಟ್ಟೆ. ಮಗು ಬೇಕು ಎಂದರೆ ಏನೇನೋ ಬಿಡುತ್ತೇವೆ, ಟೀ ಯಾವ ಲೆಕ್ಕ.

ನಾನು ಮೈಸೂರಿನವಳು. ಮದುವೆಯಾಗಿ ಇಲ್ಲಿಗೆ ಬಂದೆ. ಠಾಣೆಯ ವಾಗ್ಳೆ ಎಸ್ಟೇಟ್‌ನ ಒಂದು ಫೈನಾನ್ಸ್ ಕಂಪನಿಯಲ್ಲಿ ಕೆಲಸ. ಗಂಡ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲೇ, ಕೆಲಸ ನವಿ ಮುಂಬೈನ ಐರೋಲಿಯ ಐಟಿ ಕಂಪನಿಯಲ್ಲಿ. ಅವನ ಅಪ್ಪ ಉಡುಪಿ ಕಡೆಯಿಂದ ಬಂದು ಕಲ್ಯಾಣದ ಹೋಟೆಲೊಂದರ ಗಲ್ಲಾದ ಮೇಲೆ ಕೂತು ಆಯುಷ್ಯ ಕಳೆದವರು, ನಾನು ಅವರನ್ನು ಫೋಟೋದಲ್ಲಷ್ಟೇ ನೋಡಿದ್ದೇನೆ. ಅತ್ತೆ ನಮ್ಮ ಜೊತೆಗೇ. ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿ, ಒಂದು ಹಾಲು, ಒಂದು ಬೆಡ್‌ರೂಮು. ಅಮ್ಮ ಮಗ ತುಳು ಮಾತಾಡಿಕೊಳ್ಳುತ್ತಾರೆ, ಅತ್ತೆ ನನ್ನ ಜೊತೆ ಅವರ ಊರಿನ ಕನ್ನಡ, ಗಂಡ ನನ್ನ ಜೊತೆ ಕನ್ನಡ, ಹಿಂದಿ, ಮರಾಠಿ ಎಲ್ಲ ಕಲಸಿದ್ದು. ಸಿಟ್ಟು ಬಂದರೆ ನಾನು ಮಾತ್ರ ಶುದ್ಧ ಮೈಸೂರು ಕನ್ನಡದಲ್ಲಿ ಬೈಯುತ್ತೇನೆ.

ಮದುವೆಯಾಗಿ ಮೊದಲ ಕೆಲವು ವರ್ಷ ಈಗಲೇ ಬೇಡ ಎಂದು ನಾವೇ ಮುಂದೆ ಹಾಕಿದೆವು. ಬೇಕು ಎಂದಾಗ ಆಗಲಿಲ್ಲ. ವರ್ಷ ಕಳೆಯಿತು, ಇನ್ನೊಂದು ಕಳೆಯಿತು. ಠಾಣೆಯ ದೊಡ್ಡ ಆಸ್ಪತ್ರೆಯಲ್ಲಿ ಇಬ್ಬರದೂ ಟೆಸ್ಟ್ ಆಯಿತು. ನನ್ನದು ನಾರ್ಮಲ್, ಅವನದೂ ನಾರ್ಮಲ್. ಈ ನಾರ್ಮಲ್ ಎನ್ನುವ ಪದದಷ್ಟು ನನ್ನನ್ನು ಗೋಳು ಹೊಯ್ದುಕೊಂಡದ್ದು ಇನ್ನೊಂದಿಲ್ಲ. ಏನಾದರೂ ಕೊರತೆ ಇದ್ದಿದ್ದರೆ ಅದರ ಮೇಲಾದರೂ ಸಿಟ್ಟು ಮಾಡಬಹುದಿತ್ತು. ಮುಂದಿನ ಹೆಜ್ಜೆ ಇಂಜೆಕ್ಷನ್ನು ಎಂದರು. ನನಗೆ ಸೂಜಿ ಎಂದರೆ ಚಿಕ್ಕಂದಿನಿಂದ ಜೀವ ಬಾಯಿಗೆ ಬರುತ್ತದೆ. ಸ್ವಲ್ಪ ದಿನ ಹಾಗೇ ಸಹಜವಾಗಿ ನೋಡೋಣ ಎಂದುಕೊಂಡು ಬಂದೆವು.

ಸಹಜವಾಗಿ ಎಂದರೆ ಏನೂ ಮಾಡದೆ ಇರುವುದು ಎಂದು ನಾನು ತಿಳಿದಿದ್ದೆ. ಅಯ್ಯೋ, ಅದರಷ್ಟು ದುಡಿತ ಬೇರೆ ಇಲ್ಲ. ಮೈಸೂರಿನಿಂದ ಅಮ್ಮ ದಿನಾ ಫೋನು ಮಾಡುತ್ತಿದ್ದಳು. "ಎಳ್ಳು ಉಷ್ಣ ಕಣೇ, ಮುಟ್ಟಬೇಡ. ಪರಂಗಿಹಣ್ಣು ಬೇಡ್ವೇ ಬೇಡ. ದಾಳಿಂಬೆ ತಿಂತಿದೀಯಾ?" ಆಫೀಸಿನಲ್ಲಿ ಪಕ್ಕದ ಸೀಟಿನವಳು ಮೊಬೈಲ್‌ನಲ್ಲಿ ನೋಡಿ ಬಂದು, ತಿಂಗಳ ಮೊದಲರ್ಧ ಅಗಸೆ ಬೀಜ ತಿನ್ನು, ಎರಡನೆಯರ್ಧ ಎಳ್ಳು ತಿನ್ನು ಎನ್ನುತ್ತಿದ್ದಳು. ಅಮ್ಮನನ್ನೂ ಇವಳನ್ನೂ ಒಮ್ಮೆ ಎದುರುಬದುರು ಕೂರಿಸಿ ತೀರ್ಮಾನ ಮಾಡಿಸಬೇಕು ಅನ್ನಿಸುತ್ತಿತ್ತು. ಲೇಡೀಸ್ ಡಬ್ಬಿಯಲ್ಲಿ ದಿನಾ ಜೊತೆಗೆ ಬರುತ್ತಿದ್ದ ಮರಾಠಿ ಹೆಂಗಸೊಬ್ಬರು ಒಂದು ದಿನ ನನ್ನ ಕೈಯಲ್ಲಿದ್ದ ಅಂಜೂರದ ಡಬ್ಬಿ ನೋಡಿ ಎಲ್ಲ ಅರ್ಥ ಮಾಡಿಕೊಂಡು, "ಟಿಟ್ವಾಳ್ಯಾಲಾ ಜಾ ಗಂ" ಎಂದರು. ಟಿಟ್ವಾಳಾದ ಗಣಪತಿಗೂ ಹೋಗಿ ಬಂದೆವು. ಕಲ್ಯಾಣ ದಾಟಿ ಅಷ್ಟು ದೂರ ಹೋಗಿ ಸಾಲಿನಲ್ಲಿ ನಿಂತರೆ, ಹಿಂದೆ ನಿಂತ ಅಜ್ಜಿ ನನ್ನ ಹೊಟ್ಟೆ ನೋಡಿ "ಎಷ್ಟನೇ ತಿಂಗಳು?" ಎಂದು ಕೇಳಬೇಕೇ! ಅದು ಆಫೀಸಿನಲ್ಲಿ ಕೂತು ಕೂತು ಬಂದ ಬರಿಯ ಬೊಜ್ಜು. ಗಂಡ ನಕ್ಕುಬಿಟ್ಟ. ವಾಪಸು ಬರುವಾಗ ಟಿಟ್ವಾಳಾದಿಂದ ಡೊಂಬಿವಲಿಯವರೆಗೆ ಅವನ ಜೊತೆ ನಾನು ಮಾತಾಡಲಿಲ್ಲ.

ಅವನ ಸಹೋದ್ಯೋಗಿಯೊಬ್ಬ ಸಾನಪಾಡಾದ ಒಬ್ಬ ಲೇಡಿ ಡಾಕ್ಟರ್ ಹೆಸರು ಹೇಳಿದ. ನೇರ ಮಾತಿನ ಹೆಂಗಸು. ಫೈಲು ನೋಡಿದರು, ಮುಚ್ಚಿದರು, ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು.

"ತುಮ್ ದೋನೋ ಮಿಲ್ತೇ ಕಬ್ ಹೋ?"

ನೀವಿಬ್ಬರೂ ಒಬ್ಬರಿಗೊಬ್ಬರು ಸಿಗುವುದು ಯಾವಾಗ ಎಂದು ಕೇಳಿದ್ದು. ಆಗ ಅವನಿಗೆ ಅಮೆರಿಕದ ಗಡಿಯಾರಕ್ಕೆ ಕಟ್ಟಿದ ನೈಟ್ ಶಿಫ್ಟು. ನಾನು ಸಂಜೆ ಠಾಣೆಯಿಂದ ಮನೆಗೆ ಹೊರಟರೆ ಅವನು ಡೊಂಬಿವಲಿಯಿಂದ ಬಂದು ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋಗುತ್ತಿದ್ದ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಠಾಣೆ ಸ್ಟೇಷನ್ ಮೇ."

ಡಾಕ್ಟರು ನಗಲಿಲ್ಲ. ಶನಿವಾರ, ಭಾನುವಾರ? ಎಂದರು. ಆಗ ನಾನು ಅತ್ತೆ ಹಿಡಿಸಿದ್ದ ವ್ರತಗಳನ್ನು ಹೇಳಬೇಕಾಯಿತು. ಮಗುವಿಗಾಗಿ ಶನಿವಾರ ಅವನ ಒಪ್ಪೊತ್ತು, ಮಂಗಳವಾರ ನನ್ನದು, ಏಕಾದಶಿ ಇಬ್ಬರದೂ. ಜೊತೆಗೆ ಸಂಕಷ್ಟಿ, ಹುಣ್ಣಿಮೆ. ವ್ರತದ ದಿನ ಗಂಡ ಹೆಂಡತಿ ದೂರ ಇರಬೇಕು ಎನ್ನುವುದು ನಮ್ಮಲ್ಲಿ ಹೇಳಿಕೊಡದೆಯೇ ಗೊತ್ತಿರುವ ವಿಷಯ. ಡಾಕ್ಟರು ನಮ್ಮಿಬ್ಬರ ಮುಖ ನೋಡಿ, ಮಗು ಆಗಲಿ ಎಂದು ಮಗು ಆಗುವ ಕೆಲಸವನ್ನೇ ಬಿಟ್ಟಿದ್ದೀರಲ್ಲ, ಎಂದರು. ನನಗೆ ನಗು ಬಂತು, ಆಮೇಲೆ ತಡೆಯಲಾರದಷ್ಟು ಅಳು ಬಂತು. ಗಂಡ ತನ್ನ ಕರ್ಚೀಫ್ ಕೊಟ್ಟ. ಅದು ಕೂಡ ಕೊಳೆಯಾಗಿತ್ತು.

ಅವರು ಹೇಳಿದ್ದು ತೀರ ಸಾದಾ ಮಾತುಗಳು. ರಾತ್ರಿ ಪಾಳಿ ಬಿಡಿಸಿಕೊಳ್ಳಿ. ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ. ನಾನು ಸ್ವಲ್ಪ ತೂಕ ಇಳಿಸಬೇಕು, ದಿನಾ ನಡೆಯಬೇಕು. ಅವನು ಸಿಗರೇಟು ಪೂರ್ತಿ ಬಿಡಬೇಕು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಬಿಸಿ ಮಾಡಿಕೊಳ್ಳಬಾರದು. ಇವತ್ತು ಬಿಟ್ಟರೆ ನಾಳೆಗೆ ಫಲ ಕಾಣುವುದಿಲ್ಲ, ಕೆಲವು ತಿಂಗಳು ಬೇಕು. ನಿಮ್ಮ ಬಟ್ಟಲುಗಳೆಲ್ಲ ತಿನ್ನುವುದಾದರೆ ತಿನ್ನಿ, ತೊಂದರೆಯಿಲ್ಲ, ಆದರೆ ಈ ಫಾಲಿಕ್ ಆಸಿಡ್ ಮಾತ್ರೆ ತಪ್ಪಿಸಬೇಡಿ. ಒಳಗೆ ಏನಿದೆ ಎಂದು ಗೊತ್ತಿಲ್ಲದ ಪುಡಿ, ಲೇಹ್ಯ ಯಾರೇ ಕೊಟ್ಟರೂ ಬೇಡ. ತಿಂಗಳ ನಡುವಿನ ದಿನಗಳಲ್ಲಿ ದಿನ ಬಿಟ್ಟು ದಿನ ಜೊತೆಯಾಗಿರಿ, ಒಂದೇ ದಿನದ ಬೆನ್ನು ಹತ್ತಬೇಡಿ. ವಯಸ್ಸು ಮೂವತ್ತೈದು ದಾಟಿದೆ, ಆರು ತಿಂಗಳಿಗಿಂತ ಹೆಚ್ಚು ಕಾಯಿಸಬೇಡಿ, ಆಗದಿದ್ದರೆ ಬನ್ನಿ. ಇಷ್ಟೇ. ಇಷ್ಟನ್ನು ಮೊದಲೇ ಯಾರಾದರೂ ಹೇಳಿದ್ದರೆ ಎಷ್ಟು ಮೆಂತ್ಯ ಉಳಿಯುತ್ತಿತ್ತು ಎಂದು ದಾರಿಯಲ್ಲೆಲ್ಲ ಗೊಣಗಿದೆ.

ಗಂಡ ಡೇ ಶಿಫ್ಟ್ ಕೇಳಿದ. ಕಾರಣ ಏನು ಹೇಳುವುದು? ಅಮ್ಮನಿಗೆ ಹುಷಾರಿಲ್ಲ ಎಂದ. ಮ್ಯಾನೇಜರ್ ಒಳ್ಳೆಯವನು, ದಿನಾ ಅಮ್ಮನ ಆರೋಗ್ಯ ವಿಚಾರಿಸತೊಡಗಿದ. ವ್ರತಗಳ ವಿಷಯ ಅತ್ತೆಗೆ ಹೇಗೆ ಹೇಳುವುದು ಎಂದು ನಾನು ಒದ್ದಾಡುತ್ತಿದ್ದರೆ, ಇವನು ಒಂದು ಬೆಳಗ್ಗೆ ಹಾಲಿನಲ್ಲಿ ಶೂ ಲೇಸ್ ಕಟ್ಟಿಕೊಳ್ಳುತ್ತ ತುಳುವಿನಲ್ಲಿ ಎಲ್ಲವನ್ನೂ ಒದರಿಬಿಟ್ಟ. ಒಳಗೆ ಒಗ್ಗರಣೆ ಹಾಕುತ್ತಿದ್ದ ನನಗೆ ತುಳು ಅಷ್ಟಾಗಿ ಬರದಿದ್ದರೂ ಅದು ಪೂರ್ತಿ ಅರ್ಥವಾಯಿತು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಆ ವಾರವೇ ಒಂದು ಸಂಜೆ ಅತ್ತೆ ಚೀಲದಲ್ಲಿ ಒಂದು ಸೀರೆ ತುರುಕಿಕೊಂಡು ಬಾಗಿಲಲ್ಲಿ ನಿಂತರು.

"ನಾನು ಇವತ್ತು ಕಲ್ಯಾಣದಲ್ಲಿ ತಂಗಿ ಮನೆಯಲ್ಲಿ ಉಳಿತೇನೆ. ನಾಳೆ ಬರುವುದು."

"ಏನು ವಿಶೇಷ ಅತ್ತೆ?"

"ಎಂತ ವಿಶೇಷ? ಅವಳಿಗೆ ಒಬ್ಬಳಿಗೇ ಉದಾಸೀನ ಅಂತೆ."

ಅವರ ತಂಗಿಗೆ ಮನೆ ತುಂಬ ಜನ. ಉದಾಸೀನ ಎಂದರೆ ಅತ್ತೆಯ ಊರಿನ ಕನ್ನಡದಲ್ಲಿ ಬೇಜಾರು, ಅದನ್ನು ಪಡಲು ಅವರಿಗೆ ಪುರುಸೊತ್ತೇ ಇರಲಿಲ್ಲ. ಆದರೆ ಅಲ್ಲಿಂದ ಮುಂದೆ ಪ್ರತಿ ತಿಂಗಳ ನಡುವಿನಲ್ಲಿ ಅವರಿಗೆ ಉದಾಸೀನ ಆಗತೊಡಗಿತು, ಅತ್ತೆ ಚೀಲ ಹಿಡಿದು ಹೊರಡತೊಡಗಿದರು. ಆ ವಯಸ್ಸಿನಲ್ಲಿ, ಆ ಮಂಡಿನೋವು ಇಟ್ಟುಕೊಂಡು, ನಮಗೊಂದು ಮನೆ ಖಾಲಿ ಮಾಡಿಕೊಡಲು ಲೋಕಲ್ ಹತ್ತುತ್ತಿದ್ದರು. ನಾಚಿಕೆಯೂ ಆಗುತ್ತಿತ್ತು, ಅವರ ಮೇಲೆ ಪ್ರೀತಿಯೂ ಬರುತ್ತಿತ್ತು, ಎರಡೂ ಸೇರಿ ಸಿಟ್ಟು ಬರುತ್ತಿತ್ತು.

ಗಂಡ ಆ ದಿನಗಳಿಗೆ ಮೊಬೈಲ್‌ನಲ್ಲಿ ರಿಮೈಂಡರ್ ಹಾಕಿಕೊಂಡಿದ್ದ. ಯಾರ ಕಣ್ಣಿಗಾದರೂ ಬಿದ್ದರೆ ಎಂದು ಅದಕ್ಕೆ 'ಗ್ಯಾಸ್ ಬುಕಿಂಗ್' ಎಂದು ಹೆಸರಿಟ್ಟಿದ್ದ. ಒಮ್ಮೆ ಅದು ಅತ್ತೆಯ ಎದುರಿಗೇ ಕಿರುಚಿಕೊಂಡಿತು. "ಮೊನ್ನೆ ಅಷ್ಟೇ ಸಿಲಿಂಡರ್ ಬಂದಿದೆಯಲ್ಲ?" ಎಂದು ಅತ್ತೆ ಕೇಳಿದರು. ನಾವಿಬ್ಬರೂ ನಕ್ಕು ನಕ್ಕು ಸುಸ್ತಾದೆವು. ಆ ಆರು ತಿಂಗಳಲ್ಲಿ ನಾವು ಒಟ್ಟಿಗೆ ನಕ್ಕದ್ದು ಅದೊಂದೇ ಸಲ ಎಂದು ಕಾಣುತ್ತದೆ. ಯಾಕೆಂದರೆ ದಿನ ನೋಡಿ, ಹೊತ್ತು ನೋಡಿ ಹತ್ತಿರ ಬರುವುದಕ್ಕೂ ಆಫೀಸಿನ ಹಾಜರಿಗೂ ಹೆಚ್ಚು ವ್ಯತ್ಯಾಸವಿಲ್ಲ. ಠಾಣೆಯ ಓವರ್‌ಬ್ರಿಜ್ಜಿನಲ್ಲಿ ನೂಕಿಸಿಕೊಂಡು, ಬೆವರಿಳಿಸಿಕೊಂಡು ಮನೆಗೆ ಬಂದ ಮೇಲೆ ಹೆಂಡತಿಯಾಗಿರುವುದು ಇನ್ನೊಂದು ಶಿಫ್ಟು. ಅತ್ತೆ ಮನೆ ಬಿಟ್ಟುಕೊಟ್ಟು ಹೋದ ಒಂದು ಸಂಜೆ ನಾವಿಬ್ಬರೂ ಊಟ ಮಾಡಿ, ಟಿವಿ ಹಾಕಿಕೊಂಡು, ಸೋಫಾದ ಮೇಲೆ ಕೂತಲ್ಲೇ ಗೊರಕೆ ಹೊಡೆದೆವು. ಬೆಳಗ್ಗೆ ಅತ್ತೆ ತಂಗಿ ಕೊಟ್ಟ ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು ಬಂದು ಬೆಲ್ ಒತ್ತಿದಾಗಲೇ ಎಚ್ಚರವಾದದ್ದು. ಅವರು ಟಿವಿ ಇನ್ನೂ ಓಡುತ್ತಿರುವುದನ್ನು ನೋಡಿದರು, ಸೋಫಾ ನೋಡಿದರು, ನಮ್ಮ ಮುಖ ನೋಡಿದರು. ಆಮೇಲೆ ಹಪ್ಪಳ ಇಡಲು ಡಬ್ಬಿ ಹುಡುಕುತ್ತ ಒಳಗೆ ಹೋದರು.

ಇಷ್ಟಾದರೂ ಒಂದು ವಿಷಯದಲ್ಲಿ ಅತ್ತೆ ಬಗ್ಗಲಿಲ್ಲ. ವ್ರತ ಬಿಟ್ಟರು, ದೀಪ ಬಿಡಲಿಲ್ಲ. ಅವರ ಊರಿನ ಜೋಯಿಸರು ಫೋನಿನಲ್ಲಿ ಜಾತಕ ನೋಡಿ, ಸಂಜೆಯ ದೀಪವನ್ನು ಸೊಸೆಯ ಕೈಯಲ್ಲೇ ಹಚ್ಚಿಸಿ, ಸಂತಾನಕ್ಕೆ ಒಳ್ಳೆಯದು ಎಂದಿದ್ದರಂತೆ. ಹಾಗಾಗಿ ನಾನು ಮನೆಗೆ ಬರುವವರೆಗೆ ದೇವರು ಕತ್ತಲಲ್ಲಿ ಕಾಯಬೇಕು. ಮೂರ್ಸಂಜೆ ಎನ್ನುವುದು ನಮ್ಮ ಮನೆಯಲ್ಲಿ ಸೆಂಟ್ರಲ್ ಲೈನಿನ ರೈಲಿನವರು ದೊಡ್ಡ ಮನಸ್ಸು ಮಾಡಿದಾಗ ಬರುತ್ತಿತ್ತು. ಅತ್ತೆ ಎಣ್ಣೆ ಹಾಕಿ, ಬತ್ತಿ ಇಟ್ಟು, ಪಕ್ಕದಲ್ಲಿ ಕಡ್ಡಿಪೆಟ್ಟಿಗೆ ಇಟ್ಟಿರುತ್ತಿದ್ದರು. ನಾನು ಕೈಕಾಲು ತೊಳೆದು ಬಂದು ಹಚ್ಚುತ್ತಿದ್ದೆ. ಇದರಲ್ಲಿ ಕಷ್ಟವೇನೂ ಇರಲಿಲ್ಲ, ಆ ಮೂರು ದಿನಗಳನ್ನು ಬಿಟ್ಟು.

ಮುಟ್ಟಾದಾಗ ದೂರ ಕೂರಲು ಒಂದು ಬೆಡ್‌ರೂಮಿನ ಮನೆಯಲ್ಲಿ ಜಾಗವೆಲ್ಲಿ? ಅತ್ತೆಯ ಊರಿನ ಕಟ್ಟುಪಾಡೆಲ್ಲ ಡೊಂಬಿವಲಿಯಲ್ಲಿ ಸವೆದು ಸವೆದು ಎರಡಕ್ಕೆ ನಿಂತಿತ್ತು. ಉಪ್ಪಿನಕಾಯಿ ಭರಣಿ ಮುಟ್ಟುವಂತಿಲ್ಲ, ದೀಪ ಹಚ್ಚುವಂತಿಲ್ಲ. ಉಳಿದಂತೆ ಅಡುಗೆ ಮಾಡು, ಆಫೀಸಿಗೆ ಹೋಗು, ಪಾತ್ರೆ ತೊಳೆ, ಯಾವುದಕ್ಕೂ ಅಡ್ಡಿಯಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು "ಅತ್ತೆ, ನಾನು ಹೊರಗೆ" ಎಂದರೆ ಸಾಕು, ಅವರೇ ಎದ್ದು ಕಡ್ಡಿ ಗೀರುತ್ತಿದ್ದರು. ಆದರೆ ಆ ಎರಡು ಪದಕ್ಕೆ ನಮ್ಮ ಮನೆಯಲ್ಲಿ ಇನ್ನೊಂದು ಅರ್ಥವಿತ್ತು. ಈ ತಿಂಗಳೂ ಇಲ್ಲ ಎಂದು. ಬೇರೆ ಹೆಂಗಸರು ಅದನ್ನು ಬಾತ್‌ರೂಮಿನಲ್ಲಿ ಒಬ್ಬರೇ ಅತ್ತು, ಮುಖ ತೊಳೆದು, ಹೊರಗೆ ಬಂದು ಬೇಕಾದರೆ ಮುಚ್ಚಿಡುತ್ತಾರೆ. ನನಗೆ ಆ ಪುಣ್ಯವೂ ಇಲ್ಲ. ಗಂಡ ಕೂಡ ಆಫೀಸಿನಿಂದ ಬಂದವನು ಅಮ್ಮ ದೇವರ ಮುಂದೆ ಇದ್ದರೆ ನನ್ನನ್ನು ಏನೂ ಕೇಳದೆ ಶರ್ಟು ಬಿಚ್ಚಿ ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದ. ನಾನು ಸೋತೆ ಎನ್ನುವುದನ್ನು ತಿಂಗಳಿಗೊಮ್ಮೆ ಎಣ್ಣೆ ಬತ್ತಿ ಹಾಕಿ ತೋರಿಸುವ ಮನೆ ಅದು. ಈಗ ಬರೆಯುವಾಗಲೂ ಮೈ ಉರಿಯುತ್ತದೆ.

ಡಾಕ್ಟರು ಕೊಟ್ಟ ಆರು ತಿಂಗಳಲ್ಲಿ ಕೊನೆಯದು ನಡೆಯುತ್ತಿತ್ತು. ತಾರೀಖು ಬಂತು, ದಾಟಿತು. ಒಂದೆರಡು ದಿನ ನಾನು ಉಸಿರು ಬಿಗಿಹಿಡಿದು ಓಡಾಡಿದೆ. ಮೆಡಿಕಲ್‌ನಿಂದ ಕಿಟ್ ತರಲಿಲ್ಲ. ಆ ಒಂಟಿ ಗೆರೆ ನೋಡಿ ನೋಡಿ ಕಣ್ಣು ಸೋತಿತ್ತು. ಮತ್ತೂ ಒಂದು ದಿನ ದಾಟಿತು. ಆಫೀಸಿನಲ್ಲಿ ಮೆಟ್ಟಿಲಿನ ಬದಲು ಲಿಫ್ಟ್ ಹತ್ತಿದೆ, ಯಾರಿಗೂ ಹೇಳಲಿಲ್ಲ, ನನಗೆ ನಾನೂ ಹೇಳಿಕೊಳ್ಳಲಿಲ್ಲ. ಆ ಸಂಜೆ ಮನೆಗೆ ಬರುವ ಗಾಡಿಯಲ್ಲಿ, ಮುಂಬ್ರಾ ದಾಟುವಾಗ, ನಿಂತಲ್ಲೇ ಗೊತ್ತಾಯಿತು. ಪಕ್ಕದವಳ ಬ್ಯಾಗು ನನ್ನ ಪಕ್ಕೆಗೆ ಒತ್ತುತ್ತಿತ್ತು, ಎದುರಿನವಳು ಫೋನಿನಲ್ಲಿ ಯಾರಿಗೋ ಕುಕ್ಕರ್ ಇಡಲು ಹೇಳುತ್ತಿದ್ದಳು. ನಾನು ಮೇಲಿನ ಹಿಡಿಯನ್ನು ಹಿಡಿದುಕೊಂಡು ಡೊಂಬಿವಲಿಯವರೆಗೆ ನಿಂತೆ. ಅಳಲು ಕೂಡ ಜಾಗ ಇರಲಿಲ್ಲ.

ಮನೆಗೆ ಬಂದು ನೇರ ಬಾತ್‌ರೂಮಿಗೆ ಹೋದೆ. ಹೊರಗೆ ಬಂದಾಗ ಅತ್ತೆ ಅಡುಗೆಮನೆಯಿಂದಲೇ, "ಬಂದೆಯಾ? ದೀಪ ಹಚ್ಚು ಮಗಾ, ಬತ್ತಿ ಇಟ್ಟಿದ್ದೇನೆ" ಎಂದರು. ನಾನು ಬಾಯಿ ತೆರೆದೆ. ಎರಡು ಪದ, ಅಷ್ಟೇ ಹೇಳಬೇಕಿತ್ತು. ಬರಲಿಲ್ಲ. ದೇವರ ಮೇಲೆ ಸಿಟ್ಟು, ಕಟ್ಟುಪಾಡು ಮುರಿಯಬೇಕು ಎನ್ನುವ ಹಟ, ಅಂಥದ್ದೇನೂ ಇರಲಿಲ್ಲ. ಸುಸ್ತು. ಇನ್ನೊಂದು ಸಲ ಅದನ್ನು ಜೋರಾಗಿ ಹೇಳಿ, ಅವರ ಮುಖ ಇಳಿಯುವುದನ್ನು ನೋಡಿ, ಅವನು ಬಾಲ್ಕನಿಗೆ ಹೋಗುವುದನ್ನು ನೋಡುವಷ್ಟು ತ್ರಾಣ ಇರಲಿಲ್ಲ. ಹೋಗಿ ಕಡ್ಡಿ ಗೀರಿ ದೀಪ ಹಚ್ಚಿದೆ. ಮರುದಿನವೂ ಹಚ್ಚಿದೆ. ಅದರ ಮರುದಿನವೂ.

ನಾನು ಒಂದು ಮಾತು ತಪ್ಪಿಸಿಕೊಂಡೆ ಎಂದುಕೊಂಡಿದ್ದೆ. ಅವರಿಗೆ ಇನ್ನೊಂದು ಮಾತು ಹೇಳಿದ್ದೆ ಎಂದು ಹೊಳೆಯಲೇ ಇಲ್ಲ.

ನನ್ನ ತಾರೀಖು ಅತ್ತೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮೊದಲು ಅಡುಗೆಮನೆಯ ಬಟ್ಟಲುಗಳು ಒಂದೊಂದಾಗಿ ಖಾಲಿಯಾದವು. ಮೆಂತ್ಯ ಎಲ್ಲಿ ಎಂದರೆ, "ಇನ್ನು ಸಾಕು ಅದು" ಎಂದರು. ಫ್ರಿಜ್ಜಿನಲ್ಲಿದ್ದ ಪರಂಗಿಹಣ್ಣು ವಾಚ್‌ಮನ್ ಕೈಗೆ ಹೋಯಿತು. ಬೆಳಗ್ಗೆ ತಟ್ಟೆಯಲ್ಲಿ ತುಪ್ಪ ಹಾಕಿದ ಗಂಜಿ, ಮಧ್ಯಾಹ್ನದ ಡಬ್ಬಿಯಲ್ಲಿ ತಂಬುಳಿ. "ವಾಪಸ್ ಬರುವಾಗ ಆ ಫಾಸ್ಟ್ ಗಾಡಿ ಬೇಡ, ಮಾರಾಯ್ತಿ. ಸ್ಲೋಗೆ ಬಾ. ತಡ ಆದ್ರೆ ಆಗಲಿ, ದೇವರು ಎಲ್ಲಿಗೂ ಹೋಗುವುದಿಲ್ಲ." ನನಗೆ ಆಗಲೂ ಹೊಳೆಯಲಿಲ್ಲ. ನನ್ನ ಮುಖ ಬಾಡಿದ್ದು ನೋಡಿ ಕನಿಕರಪಟ್ಟಿದ್ದಾರೆ ಎಂದುಕೊಂಡೆ. ದಡ್ಡಿ ನಾನು. ಹೊಳೆದದ್ದು ಗಂಡ ಎಳನೀರು ತಂದ ದಿನ. ಮದುವೆಯಾದಂದಿನಿಂದ ನಾನು ಹೇಳದೆ ಒಂದು ಕಟ್ಟು ಕೊತ್ತಂಬರಿ ತಂದವನಲ್ಲ. ಎಳನೀರನ್ನು ಲೋಟಕ್ಕೆ ಬಗ್ಗಿಸಿ ನನ್ನ ಕೈಗಿಟ್ಟು, ಹಾಡು ಗುನುಗುತ್ತ ಸ್ನಾನಕ್ಕೆ ಹೋದ. ಅವನೂ ದೀಪವನ್ನೇ ನೋಡಿದ್ದ.

ಭಾನುವಾರ ಅವನನ್ನು ತರಕಾರಿಗೆ ಎಂದು ಕೆಳಗೆ ಕರೆದುಕೊಂಡು ಹೋಗಿ ಸೊಸೈಟಿ ಗೇಟಿನ ಹತ್ತಿರ ನಿಲ್ಲಿಸಿ ಹೇಳಿದೆ.

"ಏನೂ ಇಲ್ಲ ಕಣೋ. ಆ ದಿನವೇ ಆಗೋಯ್ತು."

"ಹಾಗಾದ್ರೆ ದೀಪ?"

"ಹೇಳೋಕಾಗ್ಲಿಲ್ಲ. ಹಚ್ಚಿಬಿಟ್ಟೆ."

ಅವನು ಪಕ್ಕದಲ್ಲಿ ನಿಲ್ಲಿಸಿದ್ದ ಒಂದು ಸ್ಕೂಟರಿನ ಸೀಟಿನ ಮೇಲೆ ಕೂತ. ಅದು ಯಾರ ಸ್ಕೂಟರೋ. ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ. "ಮೈ ತೋ ಸೋಚ್ ಭೀ ಚುಕಾ ಥಾ" ಎಂದ. ಅವನು ಎಲ್ಲೆಲ್ಲಿಯವರೆಗೆ ಯೋಚಿಸಿಬಿಟ್ಟಿದ್ದ ಎಂದು ನಾನು ಕೇಳಲಿಲ್ಲ. ಅಷ್ಟು ವರ್ಷದಲ್ಲಿ ಅವನಿಗೂ ಇದು ನನ್ನಷ್ಟೇ ಬೇಕಾಗಿದೆ ಎಂದು ನನ್ನ ಕಣ್ಣಿಗೆ ಕಂಡದ್ದು ಆಗಲೇ.

"ಅಮ್ಮನಿಗೆ ನೀನೇ ಹೇಳು," ಎಂದ.

"ನಿಮ್ಮಮ್ಮ ತಾನೇ? ಉಳಿದದ್ದೆಲ್ಲ ತುಳುವಿನಲ್ಲಿ ಚೆನ್ನಾಗಿ ಹೇಳ್ತೀಯಲ್ಲ!"

"ಇದು ನನ್ನ ಕೈಲಿ ಆಗಲ್ಲ ಯಾರ್. ಪ್ಲೀಸ್."

ನನ್ನ ಕೈಯಲ್ಲೂ ಆಗಲಿಲ್ಲ. ನಾಳೆ ಹೇಳೋಣ, ನಾಳೆ ಹೇಳೋಣ ಎಂದು ದೂಡಿದೆ. ಅಷ್ಟರಲ್ಲಿ ಅತ್ತೆ ಗಂಜಿಗೆ ಹಾಕುವ ತುಪ್ಪ ಹೆಚ್ಚುತ್ತಲೇ ಇತ್ತು. ಬಾಯಿ ಬಿಟ್ಟು ಅವರೂ ಏನೂ ಕೇಳುತ್ತಿರಲಿಲ್ಲ. ಮೊದಲ ಮೂರು ತಿಂಗಳು ಆಡಿ ತೋರಿಸಬಾರದು ಎನ್ನುವುದು ಅವರ ನಂಬಿಕೆ. ಹಾಗಾಗಿ ಅವರೂ ನಾನೂ, ಇಲ್ಲದ ಒಂದು ಮಗುವಿನ ವಿಷಯ ಮಾತಾಡದೆ ಕೂತು ಊಟ ಮಾಡುತ್ತಿದ್ದೆವು.

ಒಂದು ಸಂಜೆ ಆಫೀಸಿನಿಂದ ಬಂದು ಮೆಟ್ಟಿಲು ಹತ್ತುತ್ತಿದ್ದೆ. ಎರಡನೇ ಮಹಡಿಯ ತಿರುವಿನಲ್ಲಿ ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಲ್ಲಿ ತರಕಾರಿ ಚೀಲ, ಅದರಲ್ಲಿ ಒಂದು ಇಡೀ ಬೂದುಗುಂಬಳ. ಒಂದು ಕೈಯಿಂದ ಮಂಡಿ ಒತ್ತಿಕೊಳ್ಳುತ್ತಿದ್ದರು, ಉಸಿರು ಜೋರಾಗಿತ್ತು. ಸ್ಟೇಷನ್ ಹತ್ತಿರದ ಮಾರ್ಕೆಟ್ಟಿನಿಂದ ತರಕಾರಿ ತರುವುದು ನನ್ನ ಕೆಲಸವಾಗಿತ್ತು. ಎರಡು ವಾರದಿಂದ ಬೇಡ ಬೇಡ ಎಂದು ಅವರೇ ತರುತ್ತಿದ್ದರು. ನಾನು ಬಗ್ಗಿ ಚೀಲ ಎತ್ತಲು ಹೋದೆ. ಅವರು ಎರಡೂ ಕೈಯಲ್ಲಿ ಚೀಲವನ್ನು ತಮ್ಮ ಕಡೆ ಎಳೆದುಕೊಂಡರು.

"ಮುಟ್ಟಬೇಡ! ನೀನು ಭಾರ ಎತ್ತುವುದು ಬೇಡ."

"ಕೊಡಿ ಅತ್ತೆ."

"ಬೇಡ ಹೇಳಿದೆ ಅಲ್ವಾ? ನನಗೆ ಎಂತ ಆಗುವುದಿಲ್ಲ. ಸ್ವಲ್ಪ ಹೊತ್ತು ಕೂತರೆ ಸರಿ ಆಗ್ತದೆ. ನೀನು ನಿಧಾನಕ್ಕೆ ಮೇಲೆ ಹೋಗು."

"ಅತ್ತೆ, ಏನೂ ಇಲ್ಲ."

"ಎಂತ ಏನೂ ಇಲ್ಲ?"

"ಹೊಟ್ಟೇಲಿ ಏನೂ ಇಲ್ಲ ಅತ್ತೆ. ಆ ತಿಂಗಳೂ ಆಯ್ತು. ಆದ ದಿನವೇ ದೀಪ ಹಚ್ಚಿದ್ದೆ. ನಿಮಗೆ ಹೇಳೋಕೆ ಆಗ್ಲಿಲ್ಲ."

ಮೇಲಿನಿಂದ ಯಾರೋ ಇಳಿದು ಬಂದರು. ನಾವಿಬ್ಬರೂ ಗೋಡೆಗೆ ಸರಿದು ದಾರಿ ಬಿಟ್ಟೆವು. ಅವರು ಹೋದ ಮೇಲೆ ಅತ್ತೆ ಚೀಲದ ಹಿಡಿಯನ್ನು ಬಿಟ್ಟರು. ನಾನು ಅದನ್ನು ಎತ್ತಿಕೊಂಡೆ. ಅವರು ಕಂಬಿ ಹಿಡಿದು ಹಿಂದಿನಿಂದ ಹತ್ತಿದರು. ಬಾಗಿಲು ತೆಗೆಯುವಾಗ ಒಂದೇ ಮಾತು ಹೇಳಿದರು, "ತಂಗಿಗೆ ಹೇಳಿಬಿಟ್ಟಿದ್ದೇನಲ್ಲ."

ಒಳಗೆ ಹೋದವರೇ ದೇವರ ಮುಂದಿನ ದೀಪ ಎತ್ತಿಕೊಂಡು ಸಿಂಕಿಗೆ ಬಂದರು. ಎಣ್ಣೆ ಚೆಲ್ಲಿ, ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದರು. ತಿಕ್ಕಿದರು, ತೊಳೆದರು, ಮತ್ತೆ ತಿಕ್ಕಿದರು.

"ಮೈಲಿಗೆಯಲ್ಲಿ ಹಚ್ಚಿದೆಯಲ್ಲ ಮಾರಾಯ್ತಿ. ಬೇರೆ ಎಂತ ಮಾಡಿದ್ರೂ ನಾನು ಏನಾದ್ರೂ ಹೇಳಿದ್ದುಂಟಾ ನಿನಗೆ? ದೀಪವೊಂದನ್ನು..."

ಆಗ ನನಗೆ ತಲೆ ಕೆಟ್ಟಿತು. ಇಷ್ಟು ವರ್ಷದ್ದೆಲ್ಲ ಒಟ್ಟಿಗೆ ಬಂತು. "ಮೈಲಿಗೆ ನಿಮ್ಮ ದೀಪಕ್ಕಾದ್ರೆ ಹುಣಸೆಹಣ್ಣಲ್ಲಿ ಹೋಗತ್ತೆ ಅತ್ತೆ. ನನಗೆ ಪ್ರತಿ ತಿಂಗಳು ಏನಾಗತ್ತೆ ಗೊತ್ತಾ? ಬಾಗಿಲಲ್ಲಿ ನಿಂತು ಈ ಸಲಾನೂ ಇಲ್ಲ, ಈ ಸಲಾನೂ ಇಲ್ಲ ಅಂತ ಕೂಗಬೇಕು. ನಿಮ್ಮ ಮುಖ ನೋಡಬೇಕು, ನಿಮ್ಮ ಮಗನ ಬೆನ್ನು ನೋಡಬೇಕು. ಸಾಕಾಗಿದೆ ನನಗೆ. ಮೆಂತ್ಯನೂ ಸಾಕು, ನೀವು ಕಲ್ಯಾಣಕ್ಕೆ ಹೋಗೋದೂ ಸಾಕು. ನನ್ನ ಮೈ ನನ್ನದು ಅನ್ನೋದೇ ಮರೆತುಹೋಗಿದೆ!" ಇನ್ನೂ ಏನೇನೋ ಅಂದೆ. ಕೊನೆಗೆ ಉಸಿರು ಸಾಲದೆ ಅಡುಗೆಮನೆಯ ನೆಲದ ಮೇಲೆ, ತರಕಾರಿ ಚೀಲದ ಪಕ್ಕ ಕೂತು ಅತ್ತುಬಿಟ್ಟೆ. ಟಿಟ್ವಾಳಾದಲ್ಲಿ ಅಳದಿದ್ದದ್ದು, ಟ್ರೇನಿನಲ್ಲಿ ಅಳದಿದ್ದದ್ದು ಎಲ್ಲ ಸೇರಿ.

ಅವರು ತಿರುಗಲಿಲ್ಲ. ನಲ್ಲಿ ನಿಲ್ಲಿಸಿದರು. ಆಮೇಲೆ ದೀಪವನ್ನು ಸೆರಗಿನಲ್ಲಿ ಒರೆಸಿ, ದೇವರ ಮುಂದೆ ಇಟ್ಟು, ಎಣ್ಣೆ ಹಾಕಿ, ಬತ್ತಿ ಹೊಸೆದು ಇಟ್ಟರು. ನನ್ನ ಹತ್ತಿರ ಬಂದು ಕೈ ಹಿಡಿದು ಎಬ್ಬಿಸಿದರು. ಕೈ ಇನ್ನೂ ಒದ್ದೆ ಇತ್ತು, ಹುಣಸೆಹಣ್ಣಿನ ವಾಸನೆ ಬರುತ್ತಿತ್ತು.

"ಬಾ, ಹಚ್ಚು," ಎಂದರು. "ಇನ್ನು ಹೊರಗೆ ಒಳಗೆ ಎಲ್ಲ ಬೇಡ ಈ ಮನೆಯಲ್ಲಿ. ತಿಂಗಳಿಡೀ ನೀನೇ ಹಚ್ಚು. ಆದ್ರೂ ಹಚ್ಚು, ಆಗದಿದ್ರೂ ಹಚ್ಚು. ದೇವರ ಹತ್ತಿರ ನಾನು ಮಾತಾಡಿಕೊಳ್ತೇನೆ. ನನಗೆ ಮಾತ್ರ ಇನ್ನು ಮೇಲೆ ಹೇಳಬೇಡ."

ಬಿಡುಗಡೆಯಾಯಿತು ಎಂದುಕೊಂಡೆ. ಮೊದಲ ಕಡ್ಡಿ ಮುರಿಯಿತು. ಇನ್ನೊಂದನ್ನು ಗೀರುತ್ತಿರುವಾಗ ಅವರು ನನ್ನ ಹಿಂದೆ ನಿಂತು, ಯಾರಿಗೋ ಸಮಾಧಾನ ಹೇಳುವವರ ಹಾಗೆ ಮೆಲ್ಲಗೆ ಅಂದರು:

"ಗೊತ್ತಾಗದಿದ್ರೆ ನನಗೆ ದಿನಾ ಆಸೆ ಇಟ್ಟುಕೊಳ್ಳಬಹುದಲ್ಲ ಮಗಾ."